ಹಸಿ ಮಣ್ಣಿನ ಮೇಲಿನ ಹೆಬ್ಬೆಟ್ಟು

ಗಡಿಯಾರದ ಯಜಮಾನರು ಬಡಗಿ ಮೇಸ್ತ್ರಿಯ ಕೆಲಸದ ಕೊಟ್ಟಿಗೆಗೆ ಕಾಲಿಟ್ಟದ್ದು ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅದೇ ಮೊದಲು. ಬಾಗಿಲಲ್ಲಿ ನಿಂತು ಮೊದಲು ಮೇಲೆ ನೋಡಿದರು, ತೊಲೆಯನ್ನು ತಮ್ಮ ತಲೆಯ ಮೇಲೆ ಬೀಳುವ ಹಾಗೆಯೇ ಯಾರೋ ಇಟ್ಟಿರಬಹುದು ಎನ್ನುವಂತೆ. ಆಮೇಲೆ ಕೆಳಗೆ ನೋಡಿದರು. ಮರದ ಸಿಪ್ಪೆಯ ಸುರುಳಿಗಳನ್ನು ಚಪ್ಪಲಿಯ ತುದಿಯಿಂದ ಸರಿಸಿ, ನೆಲ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಬಂದರು.

ಮೇಸ್ತ್ರಿ ಕಿಟಕಿಯ ಚೌಕಟ್ಟಿಗೆ ಉಳಿ ಇಟ್ಟಿದ್ದ. ಕೈ ಅಲ್ಲೇ ನಿಂತಿತು.

ಇಬ್ಬರ ಹೊಲಗಳೂ ಅಕ್ಕಪಕ್ಕ. ಕೆರೆಯಿಂದ ಬರುವ ಕಾಲುವೆ ಹುಣಸೆಮರದ ಬುಡದಲ್ಲಿ ಎರಡಾಗಿ ಕವಲೊಡೆಯುತ್ತದೆ. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ನೀರು ಯಜಮಾನರದು, ಹನ್ನೆರಡರಿಂದ ಸಂಜೆ ಆರರವರೆಗೆ ಮೇಸ್ತ್ರಿಯದು. ಎರಡು ಕವಲಿನ ಬಾಯಿಗೂ ಸೇರಿ ಒಂದೇ ಹಲಗೆ, ಯಾರ ಸರದಿ ಅಲ್ಲವೋ ಅವರ ಬಾಯಿಗೆ ಅದನ್ನು ಹಾಕಬೇಕು. ಆ ಹಲಗೆ ಮಾಡಿದವನೂ ಮೇಸ್ತ್ರಿಯೇ. ಅದು ತನ್ನ ಕಡೆಗೆ ಮಾತ್ರ ಸೋರುವಂತೆ ಮಾಡಿದ್ದಾನೆ ಎಂದು ಯಜಮಾನರು ಮೊದಲ ವರ್ಷವೇ ತಕರಾರು ತೆಗೆದು, ಅದನ್ನು ತಿರುಗಿಸಿ, ಮಗುಚಿ, ಬಕೆಟ್ಟು ಇಟ್ಟು ಸೋರಿದ ನೀರನ್ನು ಅಳೆದಿದ್ದರು. ಊರವರು ಹೆಸರಿಗೇ ಸೇರಿಸಿದ್ದ ಅವರ ಎಡಗೈಯ ಗಡಿಯಾರ ಹನ್ನೆರಡು ತೋರಿಸುವವರೆಗೆ ಹಲಗೆಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ತಾವು ಎಲ್ಲಿಗಾದರೂ ಹೋಗಬೇಕಾದರೆ ಹಲಗೆಯ ಅಂಚಿಗೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಹಲಗೆ ಎತ್ತಿದರೆ ಗುರುತು ಕೆಡುತ್ತದೆ. ಅವರ ಹೆಬ್ಬೆರಳಿಗೆ ಅಡ್ಡಲಾಗಿ ಕುಡುಗೋಲಿನ ಹಳೇ ಗಾಯವಿತ್ತು. ಆ ಗೆರೆಯನ್ನು ಇನ್ನೊಬ್ಬರಿಂದ ಮೂಡಿಸಲಾಗದು.

"ಕೂತ್ಕೊಳ್ಳಿ ಯಜಮಾನ್ರೇ," ಎಂದ ಮೇಸ್ತ್ರಿ, ಸ್ಟೂಲನ್ನು ಮುಂದೆ ತಳ್ಳುತ್ತ.

"ಕಾಲು ಗಟ್ಟಿ ಇದೆಯಾ ಇದರದ್ದು?"

"ನಿಮ್ಮ ತೂಕಕ್ಕೆ ಸಾಕು."

ಕೂತರು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. ಮುಖ ಬಿಳಚಿಕೊಂಡಿತ್ತು, ತುಟಿಯ ಅಂಚು ನೀಲಿಯಾಗಿತ್ತು. "ಎದೇಲಿ ಒಂದು ಕವಾಟ ಸರಿಯಾಗಿ ಮುಚ್ತಾ ಇಲ್ವಂತೆ. ಹೋದ ರಕ್ತ ಹಿಂದಕ್ಕೆ ಸೋರ್ತದಂತೆ. ಅದನ್ನೂ ನೀನೇ ಮಾಡಿದ್ದೇನೋ ಅಂತ ಅನುಮಾನ ಬಂತು."

ಮೇಸ್ತ್ರಿಗೆ ನಗು ಬಂತು, ಆದರೆ ನಗಲಿಲ್ಲ. ಈ ಮನುಷ್ಯ ತಮಾಷೆ ಮಾಡಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ತಮಾಷೆಯ ಹಿಂದೆ ಏನೋ ಇದೆ ಎನಿಸಿತು.

ಯಜಮಾನರು ಜೇಬಿನಿಂದ ಪ್ಲಾಸ್ಟಿಕ್ ಚೀಲ, ಚೀಲದೊಳಗಿಂದ ಮಡಚಿದ ಎರಡು ಹಾಳೆ ತೆಗೆದರು. "ಸೋಮವಾರ ಆಪರೇಷನ್. ಆಸ್ಪತ್ರೆಯವರು ಕೇಳಿದ್ರು, ನಿಮಗೆ ಮಾತು ಬರದೇ ಹೋದ್ರೆ ನಿಮ್ಮ ಪರವಾಗಿ ಯಾರು ಹೇಳ್ತಾರೆ ಅಂತ. ಒಂದು ಹಾಳೆ ದುಡ್ಡಿಗೆ, ಹೊಲಕ್ಕೆ. ಇನ್ನೊಂದು ಮೈಗೆ. ಯಾವ ಔಷಧಿ, ಯಾವ ಯಂತ್ರ, ಎಲ್ಲಿಗೆ ನಿಲ್ಲಿಸೋದು, ಎಲ್ಲ. ವಕೀಲ ಟೈಪ್ ಮಾಡಿಕೊಟ್ಟ. ಹೆಸರಿನ ಜಾಗ ಖಾಲಿ ಬಿಡು ಅಂದೆ. ಅವನಿಗೂ ಹೇಳಲಿಲ್ಲ."

"ಯಾರ ಹೆಸರು?"

"ನಿನ್ನದು."

ಉಳಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಮೇಸ್ತ್ರಿ ಬಗ್ಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ. ಇದೇನೋ ಬೋನು. ಇಲಿಯ ಮನೆಗೇ ಬಂದು ಬೋನು ಇಡುವವರು ಇವರೊಬ್ಬರೇ.

"ಯಜಮಾನ್ರೇ, ನನಗೂ ನಿಮಗೂ ಎಣ್ಣೆ ಸೀಗೇಕಾಯಿ. ಒಂದು ಸಲ ಒಂದು ಗಂಟೆ ನೀರು ಕೇಳಿದ್ದಕ್ಕೆ ಸರದಿ ಅಂದ್ರೆ ಸರದಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವರು ನೀವು."

"ಅದಕ್ಕೇ. ಇಪ್ಪತ್ತೊಂಬತ್ತು ವರ್ಷ ನಿನ್ನನ್ನ ಕಾಯ್ದಿದ್ದೀನಿ, ಒಂದು ಸಲ ಸಿಕ್ಕಲಿ ಅಂತ. ಬದುವಿನ ಮರೆಯಲ್ಲಿ ಕೂತು ನೋಡಿದ್ದೀನಿ. ಬೇಕಂತಲೇ ಊರಿಗೆ ಹೋಗ್ತೀನಿ ಅಂತ ಹೇಳಿ ತಿರುವಿನಿಂದ ವಾಪಸ್ ಬಂದಿದ್ದೀನಿ. ನೀನು ಸಿಕ್ಕಲೇ ಇಲ್ಲ. ನೆಂಟರಲ್ಲಿ ಯಾರನ್ನ ಇಷ್ಟು ಪರೀಕ್ಷೆ ಮಾಡಿದ್ದೀನಿ ಹೇಳು? ನಂಬಿಕೆ ಅಂತ ಬೇರೆಯವರು ಹೇಳೋದು ಬರೀ ಪರಿಚಯ."

"ಮತ್ತೆ ನಿಮ್ಮ ಮಗ? ಒಂದೇ ಮನೇಲಿ ಇದ್ದಾನೆ."

ಯಜಮಾನರ ಒಬ್ಬನೇ ಮಗ ಹಾಲಿನ ವ್ಯಾನ್ ಓಡಿಸುತ್ತಿದ್ದ. ಬೆಳಗ್ಗೆ ಊರೂರಿನ ಕ್ಯಾನು ತುಂಬಿಕೊಂಡು ಹೋಗಿ, ಹತ್ತರ ಹೊತ್ತಿಗೆ ಖಾಲಿ ಕ್ಯಾನುಗಳ ಸದ್ದಿನೊಂದಿಗೆ ಬರುವವನು. ಮೂವತ್ತಾರು ವಯಸ್ಸಾದರೂ ಆ ಮನೆಯ ಬೀರುವಿನ ಬೀಗದ ಕೈ ಅವನ ಕೈಗೆ ಬಂದಿರಲಿಲ್ಲ. ಅಪ್ಪ ಮಗ ಮಾತಾಡುವುದನ್ನು ಊರಿನವರು ಕೇಳಿದ್ದು ಕಡಿಮೆ.

"ಅವನ ವಿಷಯ ಬೇಡ," ಎಂದರು. ಆಮೇಲೆ ತಾವೇ ಹೇಳಿದರು. "ಹತ್ತೊಂಬತ್ತು ವರ್ಷದ ಹಿಂದೆ. ಅವನ ಅಮ್ಮನ್ನ ಡಾಕ್ಟರ ಹತ್ರ ಕರಕೊಂಡು ಹೋಗಬೇಕಿತ್ತು. ಹಲಗೆಗೆ ಮಣ್ಣು ಮೆತ್ತಿ, ಗುರುತು ಒತ್ತಿ, ಇವನನ್ನ ಹುಣಸೆಮರದ ಕೆಳಗೆ ಕಾವಲು ಕೂರಿಸಿ ಹೋದೆ. ಹನ್ನೆರಡಕ್ಕೆ ಮುಂಚೆ ಬಂದು ನೋಡ್ತೀನಿ, ಹೆಬ್ಬೆಟ್ಟು ಇದೆ, ಗಾಯದ ಗೆರೆ ಇಲ್ಲ! ಮೊದಲು ನಿನ್ನ ಮೇಲೇ ಅನುಮಾನ ಬಂತು. ಮೇಸ್ತ್ರಿ ಬಂದಿದ್ನೇನೋ ಅಂತ ಕೇಳಿದೆ. ಯಾರೂ ಬರಲಿಲ್ಲ ಅಂದ. ಹಾಗಾದ್ರೆ ಮುಟ್ಟಿದ್ದು ಯಾರು? ನಾನು ಮುಟ್ಟಲಿಲ್ಲ ಅಂದ. ಕಾಲಲ್ಲಿ ಒದ್ದು ಕೆಡಿಸಿ, ಮತ್ತೆ ಮೆತ್ತಿ, ತನ್ನ ಬೆರಳು ಒತ್ತಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ. ನೀರಿನ ಮೇಲೆ ಕಳ್ಳ ಗುರುತು ಹಾಕೋನು ನಾಳೆ ನನ್ನ ಹೆಣದ ಮೇಲೂ ಹಾಕ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಮೇಸ್ತ್ರಿಯ ಬಲಗೈಯ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಗಿತ್ತು.

"ಯೋಚನೆ ಮಾಡು. ಶುಕ್ರವಾರ ವಕೀಲನ ಹತ್ರ ಸಹಿ," ಎಂದು ಯಜಮಾನರು ಎದ್ದರು. ಹೋಗುವಾಗ ಸ್ಟೂಲಿನ ಕಾಲನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. "ಗಟ್ಟಿ ಇದೆ," ಎಂದರು, ಒಪ್ಪಿಕೊಳ್ಳಲು ಮನಸ್ಸಿಲ್ಲದವರ ಹಾಗೆ.

*

"ಸಹಿ ಹಾಕಿದ್ರೆ ನೋಡಿ ಮತ್ತೆ," ಎಂದಳು ಮೇಸ್ತ್ರಿಯ ಹೆಂಡತಿ. ಒಗೆದ ಬಟ್ಟೆ ಹಿಂಡುತ್ತಿದ್ದವಳು, ಮಾತಿಗೊಂದು ಸಲ ತಿರುಚುತ್ತಿದ್ದಳು. "ಆ ಮುದುಕ ಸತ್ರೆ ಮೇಸ್ತ್ರಿ ಕೊಂದ ಅಂತಾರೆ. ಬದುಕಿದ್ರೆ ಮೇಸ್ತ್ರಿ ದುಡ್ಡು ತಿಂದ ಅಂತಾರೆ. ಹುಣಸೆ ಮುಪ್ಪಾದ್ರೂ ಹುಳಿ ಮುಪ್ಪೇ? ಸಾಯೋಕ್ ಮುಂಚೆ ನಿಮ್ಮನ್ನ ಒಂದು ಸಲ ಸಿಕ್ಕಿಸಿಯೇ ಹೋಗ್ತೀನಿ ಅಂತ ಹೊರಟಿದ್ದಾನೆ."

"ಇರಬಹುದು."

"ಇರಬಹುದು ಏನು? ಇದೆ. ಇಲ್ಲಾಂದ್ರೆ ಇದ್ದಕ್ಕಿದ್ದಂತೆ ಆ ಹಳೇ ಹೆಬ್ಬೆಟ್ಟಿನ ಕತೆ ಯಾಕೆ ತೆಗೀತಾನೆ? ಅವನಿಗೆ ಗೊತ್ತು."

ಮೇಸ್ತ್ರಿಗೂ ಅದೇ ಅನುಮಾನ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಹೇಳಿ, ತನ್ನ ಮುಖ ನೋಡುತ್ತಿದ್ದರೋ? ಅಂದಿನ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ: ತನಗೆ, ಹೆಂಡತಿಗೆ. ಆ ವರ್ಷ ಬೇರೆ ಊರಲ್ಲಿ ಬಾಗಿಲು ಕೂರಿಸುವ ಕೆಲಸ ಹಿಡಿದು ಮೇಸ್ತ್ರಿ ತನ್ನ ಎರಡು ದಿನದ ಸರದಿ ತಪ್ಪಿಸಿಕೊಂಡಿದ್ದ. ಸಂಜೆ ಬಂದು ನೋಡಿದರೆ ಸಸಿಯ ಮಡಿ ಬಾಡಿ ಮಲಗಿತ್ತು, ಮಾರನೆಯ ಮಧ್ಯಾಹ್ನದವರೆಗೆ ತಡೆಯುವಂತಿರಲಿಲ್ಲ. ಬೆಳಗಿನ ಸರದಿಯಲ್ಲಿ ಒಂದು ಗಂಟೆ ನೀರು ಕೇಳಿದ, ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೋದಾಗ ಯಜಮಾನರಿರಲಿಲ್ಲ. ಹುಡುಗ ಮರದ ಬೇರಿಗೆ ತಲೆ ಕೊಟ್ಟು, ಬಾಯಿ ತೆರೆದು, ಮುಖದ ಮೇಲೆ ನೊಣ ಕೂತರೂ ತಿಳಿಯದ ಹಾಗೆ ನಿದ್ದೆ ಹೋಗಿದ್ದ. ಮೇಸ್ತ್ರಿ ಹಲಗೆ ಎತ್ತಿದ. ಒಂದು ಗಂಟೆ. ಒಂದೇ ಗಂಟೆ, ಕೇಳಿದ್ದಕ್ಕಿಂತ ನಿಮಿಷ ಹೆಚ್ಚಿಲ್ಲ. ಮತ್ತೆ ಹಲಗೆ ಕೂರಿಸಿ, ಮಣ್ಣು ಮೆತ್ತಿ, ಹೆಬ್ಬೆಟ್ಟು ಒತ್ತಿ ಬಂದ.

ಮಧ್ಯಾಹ್ನ ಹುಡುಗನ ಕೂಗು ಕೇಳಿಸಿತ್ತು. ಅಪ್ಪ ಹೊಡೆಯುತ್ತಿದ್ದಾರೆ ಎಂದು ತಿಳಿದಿತ್ತು. ನಿದ್ದೆ ಮಾಡಿದ್ದಕ್ಕೆ ಇರಬೇಕು ಎಂದುಕೊಂಡಿದ್ದ. ಅಂದುಕೊಳ್ಳುವುದು ಸುಲಭವಾಗಿತ್ತು.

"ಹೇಳಿಬಿಡ್ತೀನಿ," ಎಂದ.

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡಳು. ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. "ಹತ್ತೊಂಬತ್ತು ವರ್ಷ ಆದ ಮೇಲೆ? ಇನ್ನು ನಾಲ್ಕು ದಿನ ಸುಮ್ಮನಿದ್ರೆ ಆಪರೇಷನ್ನೇ ಮುಗಿಯುತ್ತೆ."

"ಮುಗಿದ್ರೆ ಆ ಹುಡುಗನಿಗೆ ಹೇಳೋರ್ಯಾರು?"

"ಹುಡುಗ ಅಂತೆ. ಅವನ ತಲೇಲಿ ಬಿಳಿಕೂದಲು ಬಂದಿದೆ," ಎಂದು ಅವಳು ಬಟ್ಟೆ ಹರವಿದಳು. ಸ್ವಲ್ಪ ಹೊತ್ತಿನ ಮೇಲೆ, ಬೆನ್ನು ತಿರುಗಿಸಿಕೊಂಡೇ, "ಹೇಳೋದಾದ್ರೆ ಹೊಲದಲ್ಲಿ ಹೇಳಿ. ಮನೆ ಮುಂದೆ ಕೂಗಾಟ ಬೇಡ," ಎಂದಳು.

*

ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಯಜಮಾನರು ಹುಣಸೆಮರದ ಕೆಳಗಿದ್ದರು. ಆಪರೇಷನ್ನಿಗೆ ನಾಲ್ಕು ದಿನವಿದ್ದರೂ ಸರದಿ ಕಾಯುವುದು ಬಿಟ್ಟಿರಲಿಲ್ಲ. ಮೇಸ್ತ್ರಿಯನ್ನು ಕಂಡವರೇ ಗಡಿಯಾರ ನೋಡಿಕೊಂಡರು.

"ಇನ್ನೂ ಅರ್ಧ ಗಂಟೆ ಇದೆ."

"ನೀರಿಗೆ ಬಂದಿಲ್ಲ. ಅವತ್ತು ಹಲಗೆ ಎತ್ತಿದ್ದು ನಾನು."

ಯಾವತ್ತು ಎಂದು ಯಜಮಾನರು ಕೇಳಲಿಲ್ಲ. ಮೇಸ್ತ್ರಿ ಎಲ್ಲವನ್ನೂ ಹೇಳಿದ, ಬಾಡಿದ ಮಡಿ, ನಿದ್ದೆ, ಒಂದು ಗಂಟೆ, ಹೆಬ್ಬೆಟ್ಟು. ಹೇಳುವಾಗ ನೀರನ್ನೇ ನೋಡುತ್ತಿದ್ದ. ಮುಗಿಸಿ ತಲೆ ಎತ್ತಿದರೆ ಯಜಮಾನರ ಕಣ್ಣು ಸಣ್ಣಗಾಗಿತ್ತು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ.

"ಎಷ್ಟು ಕೊಟ್ಟ?"

"ಯಾರು?"

"ನನ್ನ ಮಗ. ಹೀಗೆ ಹೇಳು ಅಂತ ನಿನಗೆ ಎಷ್ಟು ಕೊಟ್ಟ? ನಾನು ಕಾಗದ ಮಾಡಿಸ್ತಿರೋದು ಅವನಿಗೆ ಗೊತ್ತಾಗಿದೆ. ನಿನ್ನ ಹತ್ರ ಬಂದ. ಇಬ್ಬರೂ ಕೂತು ಕತೆ ಕಟ್ಟಿದ್ದೀರಿ."

ಮೇಸ್ತ್ರಿಗೆ ಮೊದಲು ಸಿಟ್ಟು ಬಂತು. ಹತ್ತೊಂಬತ್ತು ವರ್ಷ ನುಂಗಿಕೊಂಡದ್ದನ್ನು ಕಕ್ಕಿದರೆ ಅದಕ್ಕೂ ಬೆಲೆ ಕೇಳುತ್ತಾನಲ್ಲ ಈ ಮನುಷ್ಯ! ತಾನು ಕಳ್ಳ ಎಂದು ನಂಬಿಸುವುದಕ್ಕೆ ಇಷ್ಟು ಕಷ್ಟಪಡಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ.

"ನಿಮ್ಮ ಮಗ ನನ್ನ ಜೊತೆ ಮಾತಾಡಿ ವರ್ಷವಾಯ್ತು."

"ಸಾಕ್ಷಿ ಏನಿದೆ?"

ಸಾಕ್ಷಿ ಏನಿರುತ್ತದೆ? ಅಂದಿನ ನೀರು ಅಂದೇ ಇಂಗಿತು. ಮೇಸ್ತ್ರಿಯ ಕಣ್ಣು ಹಲಗೆಯ ಮೇಲೆ ಬಿತ್ತು. ಹಲಗೆಯ ಒಂದು ಮೂಲೆಯಲ್ಲಿ ಮಣ್ಣು ಕಳಚಿ, ನೂಲಿನಷ್ಟು ನೀರು ಅವನ ಕಡೆಗೆ ಸೋರುತ್ತಿತ್ತು. ಯಜಮಾನರ ಸರದಿಯ ನೀರು. ಅದನ್ನು ಕಂಡು ಸುಮ್ಮನಿರಲು ಕೈ ಒಪ್ಪಲಿಲ್ಲ. ಕುಕ್ಕರಗಾಲಲ್ಲಿ ಕೂತು, ದಡದಿಂದ ಒಂದು ಮುಷ್ಟಿ ಜೇಡಿಮಣ್ಣು ಎತ್ತಿ, ನಾದಿ, ಸಂದಿಗೆ ಒತ್ತಿದ. ಆಮೇಲೆ ಹೆಬ್ಬೆರಳಿನ ಅಂಚನ್ನು ಹಲಗೆಯ ಉದ್ದಕ್ಕೂ ಒಂದೇ ಎಳೆತಕ್ಕೆ ಎಳೆದ. ಮರದ ಬಿರುಕಿಗೆ ಅಂಟಿನಲ್ಲಿ ಕಲಸಿದ ಗರಗಸದ ಹೊಟ್ಟು ತುಂಬಿ ದಿನಕ್ಕೆ ಹತ್ತು ಸಲ ಎಳೆಯುವಂತೆ. ಹೆಚ್ಚಿನ ಮಣ್ಣು ಉಗುರಿನ ಮುಂದೆ ಸುರುಳಿಯಾಗಿ ಎದ್ದು ನೀರಿಗೆ ಬಿತ್ತು. ಹಿಂದೆ ಉಳಿದದ್ದು ಕನ್ನಡಿಯಂಥ ನುಣುಪು.

"ಇನ್ನೊಂದು ಸಲ ಎಳಿ," ಎಂದರು ಯಜಮಾನರು. ದನಿ ಬೇರೆಯಾಗಿತ್ತು.

ಮೇಸ್ತ್ರಿ ಇನ್ನೊಂದು ಅಂಚಿಗೂ ಮೆತ್ತಿ ಎಳೆದ.

ಯಜಮಾನರು ಮರದ ಬೇರು ಹಿಡಿದು ನಿಧಾನವಾಗಿ ಕೂತರು. ಬಗ್ಗಿ ಆ ಮಣ್ಣನ್ನು ನೋಡಿದರು, ಮುಟ್ಟಲಿಲ್ಲ. "ಹೀಗೇ ಇತ್ತು," ಎಂದರು. "ನಾನು ಮೆತ್ತಿದ್ರೆ ಸಗಣಿ ತಟ್ಟಿದ ಹಾಗಿರುತ್ತೆ. ಅವತ್ತು ಹೀಗೆ ಸವರಿದ ಹಾಗಿತ್ತು. ಉಂಡ ತಟ್ಟೆ ನೆಟ್ಟಗೆ ತೊಳೆಯದವನು ಕಳ್ಳತನದಲ್ಲಿ ಮಾತ್ರ ಎಷ್ಟು ಅಚ್ಚುಕಟ್ಟು ಅಂತ, ಅದಕ್ಕೇ ಎರಡು ಏಟು ಜಾಸ್ತಿ ಹೊಡೆದೆ."

ನೀರು ಹರಿಯುತ್ತಿತ್ತು. ಮೇಸ್ತ್ರಿ ಕೂಗಾಟಕ್ಕೆ ತಯಾರಾಗಿ ಬಂದಿದ್ದ, ಕೂಗಾಟ ಬರಲಿಲ್ಲ. ಕೊನೆಗೆ ಯಜಮಾನರು ಗಡಿಯಾರ ನೋಡಿಕೊಂಡರು.

"ಹನ್ನೆರಡಾಯ್ತು. ಇವತ್ತು ಒಂದು ಗಂಟೆ ನನ್ನ ಕಡೆಗೇ ಬಿಡು."

"ಬಿಡ್ತೀನಿ."

"ನಾನು ಕೂತು ನೋಡ್ತೀನಿ."

"ನೋಡಿ."

ಒಂದು ಗಂಟೆ ಇಬ್ಬರೂ ಹುಣಸೆಮರದ ಕೆಳಗೆ, ನಡುವೆ ಎರಡು ಮಾರು ಜಾಗ ಬಿಟ್ಟು ಕೂತರು. ಒಂದು ಗಂಟೆಗೆ ಸರಿಯಾಗಿ ಯಜಮಾನರೇ ಎದ್ದು, ಏದುಸಿರು ಬಿಡುತ್ತ ಹಲಗೆ ಕಿತ್ತು ತಮ್ಮ ಕಾಲುವೆಯ ಬಾಯಿಗೆ ಇಟ್ಟರು. "ನಾಳೆ ಹನ್ನೊಂದಕ್ಕೆ ವಕೀಲನ ಆಫೀಸಿಗೆ ಬಾ," ಎಂದರು. "ನಿನ್ನ ಹೆಸರು ಬರೆಯೋದಕ್ಕಲ್ಲ."

*

ವಕೀಲನ ಆಫೀಸು ಹಗ್ಗದ ಅಂಗಡಿಯ ಮೇಲಿನ ಒಂದು ಕೋಣೆ. ಮೆಟ್ಟಿಲು ಕಡಿದಾಗಿದ್ದು, ಯಜಮಾನರು ಮೂರು ಕಡೆ ನಿಂತು ಹತ್ತಿದರು. ಮೇಸ್ತ್ರಿ ಒಳಗೆ ಬಂದಾಗ ಹಾಲಿನ ವ್ಯಾನಿನವನು ಗೋಡೆಗೆ ಒರಗಿ ನಿಂತಿದ್ದ. ಖಾಲಿ ಕುರ್ಚಿಯಿದ್ದರೂ ಕೂತಿರಲಿಲ್ಲ. ಅಂಗಿಯಿಂದ ಹಾಲಿನ ವಾಸನೆ ಬರುತ್ತಿತ್ತು.

"ಇವರು ಯಾಕೆ ಬಂದ್ರು?" ಎಂದು ಕೇಳಿದ. ಯಾರನ್ನು ಕೇಳಿದನೋ ಗೊತ್ತಾಗಲಿಲ್ಲ.

"ಸಾಕ್ಷಿಗೆ," ಎಂದರು ಯಜಮಾನರು.

"ನನ್ನನ್ನ ಯಾಕೆ ಕರೆಸಿದ್ರಿ?"

"ಕಾಗದ ಓದು. ನಿನ್ನ ಹೆಸರು ಬರೀತಾರೆ."

ಮಗ ಕಾಗದ ತೆಗೆದುಕೊಳ್ಳಲಿಲ್ಲ. ಅಪ್ಪನನ್ನೂ ಮೇಸ್ತ್ರಿಯನ್ನೂ ಸರದಿಯ ಮೇಲೆ ನೋಡಿದ. "ಏನಿದು ಹೊಸ ಆಟ? ಬೀರುವಿನ ಬೀಗದ ಕೈ ಕೊಡದವರು ಪ್ರಾಣ ಕೊಡ್ತೀನಿ ಅಂದ್ರೆ ನಾನು ನಂಬಬೇಕಾ? ಸಾಲ ಏನಾದ್ರೂ ಇದೆಯಾ ಇದರ ಹಿಂದೆ?"

ಅಪ್ಪನ ಮಗನೇ, ಎಂದುಕೊಂಡ ಮೇಸ್ತ್ರಿ. ವಕೀಲ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಯಜಮಾನರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿಯೇ ಹೇಳಿದ, ನಿನ್ನೆಗಿಂತ ಚಿಕ್ಕದಾಗಿ. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಈ ಸಲ ಏಟು ತಿಂದವನ ಮುಖ ಎದುರಿಗಿತ್ತು.

ಕೇಳಿದ ಮೇಲೆ ಮಗ ಕುರ್ಚಿ ಎಳೆದುಕೊಂಡು ಕೂತ.

"ನೀವಾ ಮಾವ?" ಎಂದ.

"ನಾನೇ ಕಣಪ್ಪ."

"ನಾನು ಎಷ್ಟು ಸಲ ಯೋಚನೆ ಮಾಡಿದ್ದೀನಿ. ಕೊನೆಗೆ ನಿದ್ದೆಗಣ್ಣಲ್ಲಿ ನಾನೇ ಏನಾದ್ರೂ ಮಾಡಿದೆನೋ ಅಂತಲೂ ಅನ್ನಿಸಿತ್ತು." ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಅಪ್ಪನ ಕಡೆ ತಿರುಗಿದ. "ಮುಟ್ಟಲಿಲ್ಲ ಅಂದಿದ್ದು ನಿಜ. ಯಾರೂ ಬರಲಿಲ್ಲ ಅಂದಿದ್ದು ಮಾತ್ರ ಸುಳ್ಳು. ಯಾರು ಬಂದ್ರೋ ನನಗೇನು ಗೊತ್ತು? ಮಲಗಿದ್ದೆ. ಮಲಗಿದ್ದೆ ಅಂದ್ರೆ ಹೊಡೀತೀರಿ ಅಂತ ಹೇಳಲಿಲ್ಲ."

"ಹೇಳಿದ್ರೂ ಹೊಡೀತಿದ್ದೆ," ಎಂದರು ಯಜಮಾನರು.

"ಗೊತ್ತು."

"ಕಡಿಮೆ ಹೊಡೀತಿದ್ದೆ."

ವಕೀಲ ಕೆಮ್ಮಿದ. ಮಗ ಕಾಗದ ತೆಗೆದುಕೊಂಡು ಓದತೊಡಗಿದ. ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದ. ಕೆಳಗೆ ಅಂಗಡಿಯಲ್ಲಿ ಹಗ್ಗ ಅಳೆದು ಕತ್ತರಿಸುವುದು ಕೇಳಿಸುತ್ತಿತ್ತು. ಎರಡನೆಯ ಹಾಳೆಯ ನಡುವೆ ಅವನ ಬೆರಳು ನಿಂತಿತು.

"ಉಸಿರಾಟದ ಯಂತ್ರ ಅಂತಿದೆ. ಹಾಕಿಸಬೇಕಾ, ಬೇಡವಾ?"

"ಎದ್ದು ಬರ್ತಾರೆ ಅಂದ್ರೆ ಹಾಕಿಸು. ಎಷ್ಟು ದಿನ ಬೇಕೋ ಅಷ್ಟು ದಿನ. ಸರದಿ ಮುಗೀತು ಅಂತ ಡಾಕ್ಟರು ಹೇಳಿದ ಮೇಲೆ ಒಂದು ನಿಮಿಷ ಜಾಸ್ತಿ ಬೇಡ. ಹಲಗೆ ಹಾಕಿಬಿಡು."

"ಡಾಕ್ಟರು ಸುಳ್ಳು ಹೇಳಿದ್ರೆ?"

ಯಜಮಾನರು ಮಗನನ್ನು ನೋಡಿದರು. ಅಷ್ಟು ಹೊತ್ತು ನೋಡಿದ್ದು ಮೇಸ್ತ್ರಿ ಕಂಡಿರಲಿಲ್ಲ. "ಇನ್ನೊಬ್ಬ ಡಾಕ್ಟರನ್ನ ಕೇಳು," ಎಂದರು. ಅವರ ಮುಖದ ಯಾವುದೋ ಗಂಟು ಸಡಿಲವಾಗಿತ್ತು.

ವಕೀಲ ಖಾಲಿ ಜಾಗದಲ್ಲಿ ಮಗನ ಹೆಸರು ಬರೆದ. ಯಜಮಾನರು ಸಹಿ ಹಾಕಿದರು, ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿದರು. ನೀಲಿ ಶಾಯಿಯ ನಡುವೆ ಗಾಯದ ಗೆರೆ ಬಿಳಿಯಾಗಿ ಮೂಡಿತು. ಮಗ ಅದನ್ನು ಬಗ್ಗಿ ನೋಡಿ, ಆಮೇಲೆ ತಾನು ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಮೇಸ್ತ್ರಿ ಹಾಕಿದ.

ಯಜಮಾನರು ಎಡಗೈಯ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮಗನ ಕಡೆಗೆ ತಳ್ಳಿದರು. "ಆಸ್ಪತ್ರೆಯಲ್ಲಿ ಬಿಚ್ಚಿಸ್ತಾರಂತೆ. ನಾಳೆಯಿಂದ ಸರದಿಗೆ ನೀನು ಹೋಗು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತೆ. ತಿರುಗಿಸಿ ಸರಿ ಮಾಡ್ಕೋಬೇಕು."

ಮೆಟ್ಟಿಲ ಕಡೆ ಹೊರಟಿದ್ದ ಮೇಸ್ತ್ರಿ ನಿಂತ. ಬೆಳಿಗ್ಗೆಯ ಸರದಿ ಇವರದು. ಹನ್ನೆರಡಕ್ಕೆ ಮುಗಿಯಬೇಕಾದ ಸರದಿ.

"ಯಜಮಾನ್ರೇ, ತಿರುಗಿಸೋದು ಯಾವಾಗ? ಬೆಳಿಗ್ಗೆಯೋ, ಸಂಜೆಯೋ?"

ಯಜಮಾನರು ಕಿಟಕಿಯ ಹೊರಗೆ ನೋಡತೊಡಗಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಸಂಜೆ," ಎಂದರು ಕೊನೆಗೆ.

ಸಂಜೆ ತಿರುಗಿಸಿದ್ದು ಮಾರನೆಯ ಹನ್ನೆರಡರ ಹೊತ್ತಿಗೆ ಒಂದೂವರೆ ನಿಮಿಷ ಹಿಂದೆ, ಅಷ್ಟೂ ಮೇಸ್ತ್ರಿಯ ನೀರು. ಇಪ್ಪತ್ತೊಂಬತ್ತು ವರ್ಷ, ದಿನಕ್ಕೆ ಒಂದೂವರೆ ನಿಮಿಷ ಎಂದರೂ! ಮೇಸ್ತ್ರಿ ಬೆರಳು ಮಡಚಲು ಹೋಗಿ ಬಿಟ್ಟ. ಮಗ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಕೇಳಿ, ಗೋಡೆಯ ಗಡಿಯಾರ ನೋಡಿ, ಮುಳ್ಳನ್ನು ಮುಂದಕ್ಕೆ ತಿರುಗಿಸಿದ.

"ಮಾವ, ನಾಳೆ ಹನ್ನೆರಡಕ್ಕೆ ನಾನು ಇರ್ತೀನಿ," ಎಂದ.

"ನಿದ್ದೆ ಮಾಡಬೇಡ," ಎಂದ ಮೇಸ್ತ್ರಿ. ಆಮೇಲೆ, ಯಜಮಾನರು ಮೆಟ್ಟಿಲಿಳಿಯುವಾಗ, ಕೇಳದೆಯೇ ಅವರ ತೋಳಿನ ಕೆಳಗೆ ಕೈ ಕೊಟ್ಟ. ಅವರು ಮೊದಲು ಆ ಕೈಯನ್ನು ಅನುಮಾನದಿಂದ ನೋಡಿದರು. ಆಮೇಲೆ ಭಾರ ಬಿಟ್ಟರು.